ಹಿಜರಿ 77ರ ಎರಡು ದಿನಾರ್‌ಗಳು

ಉಮಯ್ಯದ್ ಖಲೀಫ ಅಬ್ದುಲ್ ಮಲಿಕ್ ಹೊರಡಿಸಿದ ಚಿನ್ನದ ನಾಣ್ಯಗಳಲ್ಲಿ ಹಿಜರಿ 77 (ಕ್ರಿ.ಶ. 696–97) ಎಂಬ ಒಂದೇ ವರ್ಷವನ್ನು ಹೊತ್ತ ಎರಡು ಬಗೆಗಳು ಉಳಿದಿವೆ. ಒಂದರ ಮುಂಬದಿಯಲ್ಲಿ ಕತ್ತಿಯ ಹಿಡಿಗೆ ಕೈಯಿಟ್ಟು ನಿಂತ, ನಿಲುವಂಗಿಯ ಗಡ್ಡಧಾರಿ ಖಲೀಫ. ಹಿಂಬದಿಯಲ್ಲಿ ಮೆಟ್ಟಿಲುಗಳ ಮೇಲೆ ನೆಟ್ಟ ಕಂಬ. ಬೈಜಾಂಟಿಯನ್ನರ ಚಿನ್ನದ ನಾಣ್ಯವಾದ ಸಾಲಿಡಸ್‌ನ ಶಿಲುಬೆಯಿಂದ ಅಡ್ಡಪಟ್ಟಿ ಕಿತ್ತರೆ ಉಳಿಯುವುದು ಇಂಥದ್ದೇ ಕಂಬ. ಇನ್ನೊಂದು ಬಗೆಯಲ್ಲಿ ಎರಡೂ ಬದಿಗೆ ಬರೀ ಕೂಫಿ ಲಿಪಿ: ದೇವರೊಬ್ಬನೇ ಎಂಬ ಘೋಷಣೆ, ಕುರ್‌ಆನ್‌ನ 112ನೆಯ ಅಧ್ಯಾಯದ ಮಾತುಗಳು, ಅಂಚಿನಲ್ಲಿ ಅಂಕಿಯಿಲ್ಲದೆ ಪದಗಳಲ್ಲಿ ಬರೆದ ವರ್ಷ. ಖಲೀಫನ ಹೆಸರಿಲ್ಲ, ಟಂಕಸಾಲೆಯ ಹೆಸರೂ ಇಲ್ಲ.

ಚಿತ್ರ ಹೋಗಿ ಅಕ್ಷರ ಬಂದದ್ದಕ್ಕೆ ಧರ್ಮದ ಕಾರಣ ಕೊಡುವುದು ವಾಡಿಕೆ. ಚಕ್ರವರ್ತಿ ಎರಡನೆಯ ಜಸ್ಟಿನಿಯನ್ ಸಾಲಿಡಸ್ ಮೇಲೆ ಕ್ರಿಸ್ತನ ಮುಖ ಮೂಡಿಸಿದ್ದೂ ಆ ಆಸುಪಾಸಿನಲ್ಲೇ ಆದ್ದರಿಂದ ಈ ವಾದವನ್ನು ತಳ್ಳಿಹಾಕುವಂತಿಲ್ಲ. ಆದರೆ ತಕ್ಕಡಿಯ ಸಾಕ್ಷ್ಯವನ್ನೂ ಕೇಳಬೇಕು. ಚಿತ್ರವಿರುವ ದಿನಾರ್ ಸಾಲಿಡಸ್‌ನ ತೂಕವನ್ನೇ, ಎಂದರೆ ಸುಮಾರು 4.5 ಗ್ರಾಂ ಅನ್ನೇ, ಅನುಸರಿಸುತ್ತದೆ. ಅಕ್ಷರದ ದಿನಾರ್ ಒಂದು ಮಿತ್ಕಾಲ್, ಸುಮಾರು 4.25 ಗ್ರಾಂ. ಶುದ್ಧತೆ ತಗ್ಗಿಲ್ಲ, ತೂಕ ಮಾತ್ರ ತಗ್ಗಿದೆ. ಲೆಕ್ಕ ಹಾಕಿದರೆ 17 ಸಾಲಿಡಸ್‌ಗಳ ಚಿನ್ನದಲ್ಲಿ 18 ಹೊಸ ದಿನಾರ್‌ಗಳಾಗುತ್ತವೆ. ತೂಕ ಬೇರೆಯಾದ ನಾಣ್ಯ ಕಣ್ಣಿಗೂ ಬೇರೆಯಾಗಿ ಕಾಣಲೇಬೇಕು. ಇಲ್ಲವಾದರೆ ಪೇಟೆಯಲ್ಲಿ ಗೊಂದಲ. (ಚಿನಿವಾರರು ಹೇಗೂ ತೂಗಿಯೇ ತೂಗುತ್ತಿದ್ದರು ಅನ್ನಿ.) ಹೊಸ ರೂಪಕ್ಕೆ ಶ್ರದ್ಧೆಯಷ್ಟೇ ಈ ವ್ಯವಹಾರದ ಅಗತ್ಯವೂ ಕಾರಣವೆಂದು ನನ್ನ ಅಭಿಪ್ರಾಯ. ಚಿತ್ರದ ದಿನಾರ್‌ಗಳು ಇಂದು ಅತಿ ವಿರಳವಾಗಿರುವುದೂ ಇದಕ್ಕೆ ಹೊಂದುತ್ತದೆ. ಭಾರದ ನಾಣ್ಯ ಕುಲುಮೆಗೆ ಮೊದಲು ಹೋಗುತ್ತದೆ.

ಟಂಕಸಾಲೆಯ ಹೆಸರಿಲ್ಲದ ಈ ದಿನಾರ್‌ಗಳನ್ನು ವಿದ್ವಾಂಸರು ಸಾಮಾನ್ಯವಾಗಿ ದಮಾಸ್ಕಸ್‌ನವೆಂದು ಹೇಳುತ್ತಾರೆ. ಮುಂದಿನ ಒಂದೆರಡು ವರ್ಷಗಳಲ್ಲಿ ಬೆಳ್ಳಿಯ ದಿರ್ಹಮ್‌ಗಳೂ ಬದಲಾದವು. ಅವುಗಳ ಮೇಲೆ ಊರಿನ ಹೆಸರಿದೆ. ಬೆಳ್ಳಿಯನ್ನು ಹಲವು ಊರುಗಳಲ್ಲಿ ಅಚ್ಚು ಹಾಕುತ್ತಿದ್ದರು, ಹಾಗಾಗಿ ಹೊಣೆ ಯಾರದೆಂದು ಗುರುತಿಸಲು ಹೆಸರು ಬೇಕಿತ್ತು. ಚಿನ್ನಕ್ಕೆ ಆ ಅಗತ್ಯ ಇದ್ದಂತಿಲ್ಲ.

ಆದರೂ 77ನ್ನು ಇಡೀ ಸಾಮ್ರಾಜ್ಯಕ್ಕೆ ಅನ್ವಯಿಸುವಂತಿಲ್ಲ. ಉತ್ತರ ಆಫ್ರಿಕಾ ಮತ್ತು ಸ್ಪೇನ್‌ನಲ್ಲಿ ಲ್ಯಾಟಿನ್ ಬರಹದ ಚಿನ್ನದ ನಾಣ್ಯಗಳು ಅದಾದ ಮೇಲೂ ಹೊರಬಂದವು. ಸ್ಪೇನ್‌ನಲ್ಲಿ ಹಿಜರಿ 98ರ ದಿನಾರ್‌ನ ಒಂದು ಬದಿ ಅರಬಿ, ಇನ್ನೊಂದು ಬದಿ ಲ್ಯಾಟಿನ್.