ಗಂಡೂಷದ್ರವ್ಯ ವಿಚಾರ: ಜೈನ ವೈದ್ಯಗ್ರಂಥಗಳ ಹಿನ್ನೆಲೆಯಲ್ಲಿ

ಬಾಗಲಕೋಟೆ ಜಿಲ್ಲೆಯ ಜೈನ ಪ್ರಾಚೀನತೆಯನ್ನು ಕುರಿತು ಬರೆಯುವವರು ಸಾಮಾನ್ಯವಾಗಿ ಹುನಗುಂದ ಸೀಮೆಯ ಐಹೊಳೆಯ ಮೇಗುಟಿ ಜಿನಾಲಯದಿಂದಲೂ ಅಲ್ಲಿಯ ರವಿಕೀರ್ತಿಯ ಶಾಸನದಿಂದಲೂ (ಕ್ರಿ.ಶ. ೬೩೪) ಆರಂಭಿಸಿ, ಬಾದಾಮಿಯ ಜೈನ ಗುಹೆಯನ್ನು ವರ್ಣಿಸಿ ಮುಗಿಸುವುದು ವಾಡಿಕೆ. ಶಿಲೆಯ ಸಾಕ್ಷ್ಯ ದೊಡ್ಡದೇ. ಆದರೆ ಆ ಜಿನಾಲಯಗಳಿಗೆ ನಡೆದುಕೊಂಡ ಶ್ರಾವಕನು ಬೆಳಗ್ಗೆ ಎದ್ದು ಬಾಯಿಯನ್ನು ಯಾವುದರಿಂದ ತೊಳೆದನೆಂಬುದನ್ನು ಶಿಲೆ ಹೇಳುವುದಿಲ್ಲ. ಅದನ್ನು ವೈದ್ಯಗ್ರಂಥಗಳಲ್ಲಿ ಹುಡುಕಬೇಕು. ಈ ಹುಡುಕಾಟ ಕೇವಲ ಕುತೂಹಲದ್ದಲ್ಲ. ಇಂದು ಬಾಗಲಕೋಟೆ, ಇಳಕಲ್ ಪೇಟೆಗಳ ಔಷಧದ ಅಂಗಡಿಗಳಲ್ಲಿ ಸೀಸೆಯಲ್ಲಿ ದೊರೆಯುವ ಬಾಯಿ ಮುಕ್ಕಳಿಸುವ ದ್ರವಗಳಲ್ಲಿ ಹಲವು ಆಲ್ಕೊಹಾಲ್ ಉಳ್ಳವು. ಮದ್ಯತ್ಯಾಗಿಯಾದ ಗೃಹಸ್ಥನಿಗೆ ಅದು ಗ್ರಾಹ್ಯವೆ? ಅದನ್ನು ಬಿಟ್ಟು ಹಳೆಯ ಪಾಕಗಳಿಗೆ ಮರಳಿದರೆ ಅವೆಲ್ಲವೂ ನಿರಪಾಯವೆ?

ಮೊದಲು ಒಂದು ವಿವೇಕ ಅಗತ್ಯ. ಅದಂತಧಾವನವು ಮುನಿಗಳ ಇಪ್ಪತ್ತೆಂಟು ಮೂಲಗುಣಗಳಲ್ಲಿ ಒಂದು. ಆದುದರಿಂದ ದಂತಕಾಷ್ಠ, ಚೂರ್ಣ, ಗಂಡೂಷಗಳ ಈ ಚರ್ಚೆ ಗೃಹಸ್ಥರಿಗೆ ಮಾತ್ರ ಸಂಬಂಧಿಸಿದುದು.

ಬಾಯಿಯಲ್ಲಿ ದ್ರವವನ್ನು ಅಲುಗದಂತೆ ತುಂಬಿ ಹಿಡಿಯುವುದು ಗಂಡೂಷ. ಆಡಿಸಲು ಎಡೆಯಿರುವಷ್ಟು ಹಿಡಿಯುವುದು ಕವಲ. ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನದಲ್ಲಿ ನಿತ್ಯಗಂಡೂಷಕ್ಕೆ ಎಣ್ಣೆಯನ್ನು, ಇಲ್ಲವೆ ಮಾಂಸರಸವನ್ನು ಹೇಳಿದೆ. ಉರಿ ಮತ್ತು ಗಾಯಗಳಿಗೆ ತುಪ್ಪ ಅಥವಾ ಹಾಲು, ವ್ರಣ ಕೂಡುವುದಕ್ಕೆ ಜೇನು, ದುರ್ಗಂಧಕ್ಕೆ ಧಾನ್ಯಾಮ್ಲ, ಬಾಯಿ ಹಗುರಾಗಲು ಉಗುರುಬೆಚ್ಚನೆಯ ನೀರು. ಸುಶ್ರುತನು ದಂತಕಾಷ್ಠಕ್ಕೆ ಹಚ್ಚುವ ಚೂರ್ಣವನ್ನೂ ಜೇನಿನಲ್ಲಿ ಕಲಸಲು ಹೇಳುತ್ತಾನೆ. ಮದ್ಯ, ಮಾಂಸ, ಮಧು ಈ ಮೂರನ್ನೂ ತೊರೆದ ವೈದ್ಯನ ಮುಂದೆ ಈ ಪಟ್ಟಿ ಬಂದಾಗ ಅವನು ಏನು ಮಾಡಬೇಕು?

ಉಗ್ರಾದಿತ್ಯಾಚಾರ್ಯನ ಸಂಸ್ಕೃತ ಕಲ್ಯಾಣಕಾರಕ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿದ ಗ್ರಂಥ. ೧೯೪೦ರಲ್ಲಿ ವರ್ಧಮಾನ ಪಾರ್ಶ್ವನಾಥ ಶಾಸ್ತ್ರಿಗಳ ಸಂಪಾದಕತ್ವದಲ್ಲಿ ಸೊಲ್ಲಾಪುರದಿಂದ ಅದು ಹೊರಬಂದಿತು. ಅದರ ಕೊನೆಯ ಹಿತಾಹಿತ ಪ್ರಕರಣದಲ್ಲಿ ನೃಪತುಂಗವಲ್ಲಭನ ಸಭೆಯಲ್ಲಿ ಮಾಂಸದ ನಿಷ್ಫಲತೆಯನ್ನು ಪ್ರತಿಪಾದಿಸಿದ ವಿಚಾರ ಬರುತ್ತದೆ. ಈ ಅರಸನನ್ನು ರಾಷ್ಟ್ರಕೂಟ ಅಮೋಘವರ್ಷನೆಂದು ಗುರುತಿಸುವುದು ರೂಢಿ. ಗಮನಿಸಬೇಕಾದುದೆಂದರೆ, ಮಾಂಸವನ್ನು ಧರ್ಮವಿರುದ್ಧವೆಂದಷ್ಟೇ ಹೇಳಿ ಆಚಾರ್ಯನು ಸುಮ್ಮನಾಗಲಿಲ್ಲ. ವೈದ್ಯದೃಷ್ಟಿಯಿಂದಲೂ ಅದು ಅನಗತ್ಯವೆಂದು ವಾದಿಸಿದನು. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕವೂ ಆ ಮೂರನ್ನು ವರ್ಜಿಸಿದ ಪರಂಪರೆಯದೇ. ವಾಗ್ಭಟನ ಪಟ್ಟಿಯಿಂದ ಮಾಂಸರಸವನ್ನೂ ಜೇನನ್ನೂ ತೆಗೆದ ಮೇಲೆ ಎಣ್ಣೆ, ತುಪ್ಪ, ಹಾಲು, ನೀರು ಉಳಿಯುತ್ತವೆ. ಚಿಕಿತ್ಸೆಗೆ ಕೊರತೆಯೇನೂ ಆಗದು. ಈ ಸೀಮೆಯಲ್ಲಿ ಎಳ್ಳಿನ ಎಣ್ಣೆಯನ್ನು ಒಳ್ಳೆಣ್ಣೆ ಎಂದೇ ಕರೆಯುತ್ತಾರೆ, ಹೆಸರಿನಲ್ಲಿಯೇ ಪ್ರಮಾಣಪತ್ರವಿದೆ!

ಆದರೆ ಪ್ರತಿಗಳನ್ನು ಓದುವವನಿಗೆ ಇಲ್ಲೊಂದು ತೊಡಕುಂಟು. ಮಧು ಎಂದರೆ ಜೇನು; ಮಧುಕವೆಂದರೆ ಜ್ಯೇಷ್ಠಮಧು; ಮಧೂಕವೆಂದರೆ ಇಪ್ಪೆ. ಮೊದಲನೆಯದು ವರ್ಜ್ಯ. ಎರಡನೆಯದು ಬೇರು, ಹೆಸರಿನಲ್ಲಿ ಮಧುವಿದ್ದರೂ ಅದರಲ್ಲಿ ಜೇನಿಲ್ಲ. ಮೂರನೆಯದರ ಹೂವಿನಿಂದ ಮದ್ಯವನ್ನು ಇಳಿಸುತ್ತಾರಾದರೂ ಕಡ್ಡಿಯಲ್ಲಿ ಆ ದೋಷವಿಲ್ಲ. ಓಲೆಯಲ್ಲಿ ಕೊಂಬು ಮಸುಕಾಗಿದ್ದರೆ, ಅಥವಾ ಕೊನೆಯ ಅಕ್ಷರವನ್ನು ಹುಳು ತಿಂದಿದ್ದರೆ, ನಿರ್ದೋಷವಾದ ಪಾಕ ನಿಷಿದ್ಧವಾಗಿ ತೋರಬಹುದು, ನಿಷಿದ್ಧವಾದುದು ನಿರ್ದೋಷವೆನಿಸಲೂಬಹುದು. ದಂತಕಾಷ್ಠದ ಪ್ರಕರಣವಾದರೆ ಮರದ ಕಡ್ಡಿಗೇ ಅರ್ಥ ಹೊಂದುವುದರಿಂದ ಇಪ್ಪೆಯೆಂಬ ಪಾಠವೇ ಯುಕ್ತವೆಂದು ನನ್ನ ಅಭಿಪ್ರಾಯ. ಚೂರ್ಣ, ಕಷಾಯಗಳಲ್ಲಿ ಪ್ರತ್ಯಂತರವಿಲ್ಲದೆ ನಿರ್ಣಯಿಸುವುದು ಸಾಹಸ.

ಇದಕ್ಕಿಂತ ಗಂಭೀರವಾದುದು ಇನ್ನೊಂದಿದೆ. ಚರಕನು ದಂತಕಾಷ್ಠಕ್ಕೆ ಹೊಂಗೆ, ಮತ್ತಿಗಳ ಸಾಲಿನಲ್ಲಿಯೇ ಕರವೀರವನ್ನೂ ಅರ್ಕವನ್ನೂ ಹೆಸರಿಸುತ್ತಾನೆ. ಕರವೀರವೆಂದರೆ ಕಣಗಿಲೆ, ಅದರ ಎಲ್ಲ ಅಂಗಗಳೂ ಹೃದಯದ ಮೇಲೆ ಪರಿಣಾಮ ಮಾಡುವ ವಿಷವುಳ್ಳವು. ಅರ್ಕ, ಅಂದರೆ ಎಕ್ಕದ ಹಾಲು ತಗುಲಿದರೆ ಬಾಯಿ ಹುಣ್ಣಾಗುತ್ತದೆ, ಕಣ್ಣಿಗೆ ಬಿದ್ದರೆ ಅಪಾಯ. ಶಾಸ್ತ್ರದಲ್ಲಿದೆಯೆಂಬ ಒಂದೇ ಕಾರಣಕ್ಕೆ ಇವನ್ನು ಬಳಸಕೂಡದು. ಹಿಂಸೆಯಿಲ್ಲದ ದ್ರವ್ಯವೆಲ್ಲ ಹಿತವಾದ ದ್ರವ್ಯವೆಂಬ ಭ್ರಮೆ ನಮ್ಮ ಪಂಡಿತರಿಗೂ ಬೇಡ. ಬೇವು, ಕರಿಜಾಲಿಯ ಕಡ್ಡಿಗಳು ಈ ಕಪ್ಪುನೆಲದ ಸೀಮೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿವೆ; ಆದರೆ ಬೇವಿನ ಎಣ್ಣೆಯನ್ನು ಮಕ್ಕಳು ನುಂಗಿದರೆ ಅದೂ ವಿಷವೇ. ಹೊಗೆಸೊಪ್ಪನ್ನು ಹುರಿದು ಮಾಡಿದ ಮಿಶ್ರಿಯಂತೂ ಪ್ರಾಚೀನವೂ ಅಲ್ಲ. ಹೊಗೆಸೊಪ್ಪು ನಮ್ಮ ದೇಶಕ್ಕೆ ಬಂದದ್ದು ಪೋರ್ತುಗೀಜರ ಕಾಲದಲ್ಲಿ. ಹಲ್ಲುಪುಡಿ, ಪೇಸ್ಟುಗಳಲ್ಲಿ ಅದನ್ನು ಸೇರಿಸುವುದನ್ನು ಭಾರತ ಸರ್ಕಾರ ೧೯೯೨ರಲ್ಲಿ ನಿಷೇಧಿಸಿತು.

ಸೀಸೆಯ ದ್ರವಗಳಿಗೂ ಇದೇ ಪರೀಕ್ಷೆ ಸಲ್ಲಬೇಕು. ಅವುಗಳಲ್ಲಿರುವ ಆಲ್ಕೊಹಾಲ್ ಮದ್ಯದಲ್ಲಿರುವುದೇ. ಸುಗಂಧ ತೈಲಗಳನ್ನು ಕರಗಿಸುವುದು ಅದರ ಮುಖ್ಯ ಕೆಲಸ. ೧೮೭೯ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಲಿಸ್ಟರಿನ್‌ನ ಪ್ರಸಿದ್ಧ ಪಾಕದಲ್ಲಿ ಅದು ನೂರಕ್ಕೆ ಸುಮಾರು ೨೭ ಭಾಗದಷ್ಟಿತ್ತು. ಈಗ ಆಲ್ಕೊಹಾಲ್ ಇಲ್ಲದವೂ ದೊರೆಯುವುದರಿಂದ ವ್ರತಿಗೆ ಅನಿವಾರ್ಯತೆಯೇನೂ ಇಲ್ಲ. ಗ್ಲಿಸರಿನ್ ಸಸ್ಯತೈಲದಿಂದಲೂ ಬರುತ್ತದೆ, ಪ್ರಾಣಿಗಳ ಕೊಬ್ಬಿನಿಂದಲೂ ಬರುತ್ತದೆ. ಇದನ್ನು ವಿಚಾರಿಸುವವರು ಕಡಿಮೆ. ಕ್ಲೋರ್‌ಹೆಕ್ಸಿಡಿನ್ ವಸಡಿನ ಬಾವಿಗೆ ಪರಿಣಾಮಕಾರಿ. ಆದರೆ ಹೆಚ್ಚು ದಿನ ಬಳಸಿದರೆ ಹಲ್ಲು ಕಂದುಬಣ್ಣಕ್ಕೆ ತಿರುಗಿ ನಾಲಿಗೆಯ ರುಚಿ ಕೆಡುವುದುಂಟು. ದಂತವೈದ್ಯರು ಹೇಳಿದಷ್ಟು ದಿನಕ್ಕೆ ಅದು ಸಾಕು.

ಐದು ವರ್ಷ ತುಂಬದವರಿಗೆ ಕವಲ ಸಲ್ಲದೆಂದು ವಾಗ್ಭಟನು ವಿಧಿಸಿದ್ದಾನೆ. ಫ್ಲೋರೈಡ್ ಉಳ್ಳ ದ್ರವವನ್ನು ಆರು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಇಂದಿನ ದಂತವೈದ್ಯರೂ ಎಚ್ಚರಿಸುತ್ತಾರೆ. ಉಗುಳದೆ ನುಂಗುವರೆಂಬುದು ಅವರ ಭಯ. ಹುನಗುಂದ, ಇಳಕಲ್ ಸೀಮೆಯಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. ಗ್ರಾನೈಟಿಗೆ ಹೆಸರಾದ ಆ ನೆಲದ ಕೊಳವೆಬಾವಿಗಳ ನೀರಿನಲ್ಲಿಯೇ ಹಲವೆಡೆ ಫ್ಲೋರೈಡ್ ಮಿತಿಮೀರಿದೆ. ಕುಡಿಯುವ ನೀರಿನ ಲೀಟರಿಗೆ ೧ ಮಿಲಿಗ್ರಾಂ ಅಪೇಕ್ಷಿತ ಮಿತಿ, ಬೇರೆ ಜಲಮೂಲವಿಲ್ಲದಲ್ಲಿ ೧.೫ ಮಿಲಿಗ್ರಾಂ. ಅದಕ್ಕೆ ಮೀರಿದ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲಿನ ಕಲೆಯನ್ನು ಬೇವೂ ತೆಗೆಯದು, ಸೀಸೆಯ ದ್ರವವೂ ತೆಗೆಯದು, ನೀರು ಬದಲಾಗಬೇಕು. ವೈದ್ಯಗ್ರಂಥಗಳಲ್ಲಿ ಬರುವ ಶ್ಯಾವದಂತವನ್ನು ಈ ರೋಗವೆಂದೇ ಗುರುತಿಸುವ ಉತ್ಸಾಹವನ್ನು ನಾವು ತಡೆದುಕೊಳ್ಳಬೇಕು. ಅಲ್ಲಿ ಹೇಳಿದ ಕಾರಣ ರಕ್ತಪಿತ್ತಗಳ ದೋಷವೇ ಹೊರತು ನೀರಲ್ಲ.