ಒಂದೇ ಬಾಗಿಲಿನ ಶಾಲೆ: ಲಂಡನ್ನಿನ ಕಿಡ್‌ಬ್ರೂಕ್

ಹನ್ನೊಂದು ವರ್ಷದ ಮಗು ಬರೆದ ಒಂದು ಪರೀಕ್ಷೆಯಿಂದ ಅದರ ಮುಂದಿನ ಬದುಕಿನ ದಾರಿಯನ್ನು ನಿರ್ಧರಿಸಬಹುದೇ? ಎರಡನೆಯ ಮಹಾಯುದ್ಧದ ನಂತರ ಇಂಗ್ಲೆಂಡಿನ ಅನೇಕ ತಂದೆತಾಯಿಗಳನ್ನು ಕಾಡಿದ ಪ್ರಶ್ನೆಯಿದು. ಈ ಪ್ರಶ್ನೆಗೆ ಲಂಡನ್ ಕೊಟ್ಟ ಒಂದು ಉತ್ತರವೇ ಕಿಡ್‌ಬ್ರೂಕ್ ಶಾಲೆ.

1944ರ ಶಿಕ್ಷಣ ಕಾಯಿದೆಯು ಸಾರ್ವಜನಿಕ ವೆಚ್ಚದಲ್ಲಿ ನಡೆಯುವ ಶಾಲೆಗಳಲ್ಲಿ ಪ್ರೌಢಶಿಕ್ಷಣವನ್ನು ಎಲ್ಲರಿಗೂ ಉಚಿತಗೊಳಿಸಿತು. ಶಿಕ್ಷಣ ಎಲ್ಲರಿಗೂ ದೊರೆಯಿತು ನಿಜ. ಆದರೆ ಶಾಲೆ ಒಂದೇ ಆಗಿರಲಿಲ್ಲ. ‘ಇಲೆವೆನ್ ಪ್ಲಸ್’ ಎಂಬ ಪರೀಕ್ಷೆಯಲ್ಲಿ ಗೆದ್ದವರಿಗೆ ಗ್ರಾಮರ್ ಶಾಲೆ ಸಿಗುತ್ತಿತ್ತು. ವಿಶ್ವವಿದ್ಯಾಲಯದ ಹಾದಿ ಅಲ್ಲಿಂದ ತೆರೆಯುತ್ತಿತ್ತು. ಕೆಲವರು ತಾಂತ್ರಿಕ ಶಾಲೆಗೆ ಹೋಗುತ್ತಿದ್ದರು. ಉಳಿದ ಬಹುಪಾಲು ಮಕ್ಕಳಿಗೆ ಸೆಕೆಂಡರಿ ಮಾಡರ್ನ್ ಶಾಲೆ. ಹೀಗೆ ಒಂದೇ ಬೀದಿಯಲ್ಲಿ ಆಡಿ ಬೆಳೆದ ಗೆಳೆಯರು ಹನ್ನೊಂದರ ವಯಸ್ಸಿಗೇ ಬೇರೆಬೇರೆ ದಾರಿ ಹಿಡಿಯಬೇಕಾಗುತ್ತಿತ್ತು.

ಈ ವಿಂಗಡಣೆಯನ್ನು ಒಪ್ಪದ ಲಂಡನ್ ಕೌಂಟಿ ಕೌನ್ಸಿಲ್ 1947ರಲ್ಲಿ ತನ್ನದೇ ಯೋಜನೆಯೊಂದನ್ನು ರೂಪಿಸಿತು. ಎಲ್ಲ ಬಗೆಯ ಮಕ್ಕಳೂ ಒಂದೇ ಬಾಗಿಲಿನಿಂದ ಒಳಬರುವ ‘ಕಾಂಪ್ರಹೆನ್ಸಿವ್’, ಅಂದರೆ ಸಮಗ್ರ ಶಾಲೆಗಳ ಯೋಜನೆ ಅದು. ಇದರ ಫಲವಾಗಿ ನಗರದ ಆಗ್ನೇಯ ಭಾಗದಲ್ಲಿ, ಈ ಉದ್ದೇಶಕ್ಕೆಂದೇ ಕಟ್ಟಿದ ಕಿಡ್‌ಬ್ರೂಕ್ ಬಾಲಕಿಯರ ಶಾಲೆ 1954ರಲ್ಲಿ ಆರಂಭವಾಯಿತು. ಸುಮಾರು 2,000 ವಿದ್ಯಾರ್ಥಿನಿಯರಿಗೆ ಅಲ್ಲಿ ಸ್ಥಳವಿತ್ತು. ಮೇರಿ ಗ್ರೀನ್ ಅವರು ಮೊದಲ ಮುಖ್ಯೋಪಾಧ್ಯಾಯಿನಿ.

ಆದರೆ ಶಾಲೆ ತೆರೆಯುವ ಮೊದಲೇ ಅದಕ್ಕೆ ಪೆಟ್ಟು ಬಿದ್ದಿತ್ತು. ಸಮೀಪದ ಎಲ್ತಮ್ ಹಿಲ್ ಬಾಲಕಿಯರ ಗ್ರಾಮರ್ ಶಾಲೆಯನ್ನು ಮುಚ್ಚಿ, ಅಲ್ಲಿನ ವಿದ್ಯಾರ್ಥಿನಿಯರನ್ನು ಕಿಡ್‌ಬ್ರೂಕ್‌ಗೆ ಸೇರಿಸಬೇಕೆಂದು ಕೌನ್ಸಿಲ್ ಬಯಸಿತ್ತು. ಪೋಷಕರು ಪ್ರತಿಭಟಿಸಿದರು. ಒಳ್ಳೆಯ ಹೆಸರು ಗಳಿಸಿದ ಶಾಲೆಯನ್ನು ಪ್ರಯೋಗಕ್ಕೆ ಬಲಿಕೊಡುವುದೇಕೆ ಎಂಬ ಅವರ ಆತಂಕ ಅಕಾರಣವೇನೂ ಆಗಿರಲಿಲ್ಲ. ಶಿಕ್ಷಣ ಸಚಿವೆ ಫ್ಲಾರೆನ್ಸ್ ಹಾರ್ಸ್‌ಬ್ರೂ ಅನುಮತಿ ನಿರಾಕರಿಸಿದರು. ಪಕ್ಕದಲ್ಲೇ ಆಯ್ಕೆಯ ಶಾಲೆ ಉಳಿದುಕೊಂಡಿತು. ಎಲ್ಲರಿಗಾಗಿ ಕಟ್ಟಿದ ಶಾಲೆಗೆ ಎಲ್ಲರೂ ಬರಲಿಲ್ಲ.

ಆದರೂ ಕಾಲ ಬದಲಾಯಿತು. 1965ರಲ್ಲಿ ಸಚಿವ ಆಂಥನಿ ಕ್ರಾಸ್‌ಲೆಂಡ್ ಸುತ್ತೋಲೆ ಹೊರಡಿಸಿ, ಸಮಗ್ರ ಶಾಲೆಗಳಿಗೆ ಯೋಜನೆ ಸಿದ್ಧಪಡಿಸುವಂತೆ ಸ್ಥಳೀಯ ಸಂಸ್ಥೆಗಳನ್ನು ಕೋರಿದರು. 1970ರಲ್ಲಿ ಶಿಕ್ಷಣ ಸಚಿವೆಯಾದ ಮಾರ್ಗರೆಟ್ ಥ್ಯಾಚರ್ ಆ ಸುತ್ತೋಲೆಯನ್ನು ಹಿಂತೆಗೆದುಕೊಂಡರು. ವಿಚಿತ್ರವೆಂದರೆ ಅವರ ಅವಧಿಯಲ್ಲಿಯೇ ಇಂತಹ ಶಾಲೆಗಳು ಬಹುಸಂಖ್ಯೆಯಲ್ಲಿ ಮಂಜೂರಾದವು. ಸ್ಥಳೀಯ ಸಂಸ್ಥೆಗಳು ಹಿಡಿದ ದಾರಿಯನ್ನು ಒಂದು ಆದೇಶ ತಡೆಯಲಿಲ್ಲ.

ಕಿಡ್‌ಬ್ರೂಕ್ ಮುಂದೆ ಬಾಲಕರಿಗೂ ತೆರೆಯಿತು. ಅಡುಗೆ ತಜ್ಞ ಜೇಮಿ ಆಲಿವರ್ ಶಾಲಾ ಮಕ್ಕಳ ಊಟವನ್ನು ಸುಧಾರಿಸುವ, 2005ರಲ್ಲಿ ಪ್ರಸಾರವಾದ ತಮ್ಮ ದೂರದರ್ಶನ ಸರಣಿಯನ್ನು ಚಿತ್ರಿಸಿದ್ದು ಇದೇ ಶಾಲೆಯಲ್ಲಿ. 2011ರಲ್ಲಿ ಅದು ಅಕಾಡೆಮಿಯಾಗಿ, ಹೆಸರೂ ಬದಲಾಯಿತು.

ಇಂಗ್ಲೆಂಡಿನಲ್ಲಿ ಇಂದಿಗೂ ನೂರ ಅರವತ್ತಕ್ಕೂ ಹೆಚ್ಚು ಗ್ರಾಮರ್ ಶಾಲೆಗಳಿವೆ. ಅಂದಿನ ವಾದವೂ ಮುಗಿದಿಲ್ಲ. ಕಿಡ್‌ಬ್ರೂಕ್‌ನ ಕಥೆ ಒಂದು ಮಾತನ್ನಂತೂ ಸ್ಪಷ್ಟಪಡಿಸುತ್ತದೆ. ಎಲ್ಲರಿಗೂ ತೆರೆದ ಬಾಗಿಲನ್ನು ಕಟ್ಟುವುದು ಗಾರೆ ಕೆಲಸ. ಅದರೊಳಗೆ ತಮ್ಮ ಮಕ್ಕಳನ್ನು ಕಳಿಸುವ ವಿಶ್ವಾಸವನ್ನು ಎಲ್ಲರಲ್ಲೂ ಮೂಡಿಸುವುದು ಅದಕ್ಕಿಂತ ಕಠಿಣ.