ಬಳ್ಳಾರಿ ಸೀಮೆಯ ಕ್ಷಾಮವೂ ಒಂದು ಪೌಂಡು ಧಾನ್ಯದ ವಾದವೂ

ಇಂದು ವಿಜಯನಗರ ಜಿಲ್ಲೆಗೆ ಸೇರಿರುವ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಪ್ರದೇಶಗಳು 1876-78ರ ಮಹಾಕ್ಷಾಮದಲ್ಲಿ ಮದರಾಸು ಆಧಿಪತ್ಯದ ಬಳ್ಳಾರಿ ಜಿಲ್ಲೆಯೊಳಗಿದ್ದುವು. 1877ರ ಜನವರಿಯಲ್ಲಿ ಸರ್ ರಿಚರ್ಡ್ ಟೆಂಪಲ್ ಮಹಾಶಯರು ಮಿತವ್ಯಯವನ್ನು ಮುಂದಿಟ್ಟು, ಪರಿಹಾರದ ಕೆಲಸದಲ್ಲಿ ದುಡಿಯುವ ಗಂಡಾಳಿಗೆ ದಿನಕ್ಕೆ ಒಂದು ಪೌಂಡು ಧಾನ್ಯದ ಬೆಲೆಯೂ ಸ್ವಲ್ಪ ಕಾಸೂ ಸಾಕೆಂದು ಗೊತ್ತುಮಾಡಿಸಿದರು. ಮದರಾಸಿನ ಆರೋಗ್ಯಾಧಿಕಾರಿ ಕಾರ್ನಿಷರು ಇದನ್ನೊಪ್ಪದೆ, ಸೆರೆಮನೆಯ ಕೈದಿಗಳ ಆಹಾರಪ್ರಮಾಣವನ್ನು ಆಧಾರವಾಗಿಟ್ಟು, ದುಡಿಯುವ ದೇಹಕ್ಕೆ ಅಷ್ಟು ಸಾಲದೆಂದು ವಾದಿಸಿದರು. ಅದೇ ವರ್ಷದಲ್ಲಿ ಮದರಾಸು ಸರ್ಕಾರವು ಕೂಲಿಯನ್ನು ಹೆಚ್ಚಿಸಿತು. ಆದರೂ 1871ರ ಜನಗಣತಿಗೆ ಹೋಲಿಸಿದರೆ 1881ರಲ್ಲಿ ಜಿಲ್ಲೆಯ ಜನಸಂಖ್ಯೆಯು ಸುಮಾರು ಐದರಲ್ಲೊಂದು ಪಾಲು ಕುಗ್ಗಿದ್ದಿತು. ವಾದಿಸಿದವರಿಬ್ಬರೂ ಆಂಗ್ಲ ಅಧಿಕಾರಿಗಳು. ಅದರ ಫಲವನ್ನುಂಡವರು ಈ ಸೀಮೆಯ ರೈತರೂ ಕೂಲಿಕಾರರೂ. ಶಿಲಾಶಾಸನಗಳಲ್ಲಿ ನಾಡಿನ ಚರಿತ್ರೆಯನ್ನರಸುವವರು ಈ ಧಾನ್ಯದ ಲೆಕ್ಕವನ್ನೂ ಓದತಕ್ಕದ್ದು.